ಓದುಗರ ಪ್ರಶ್ನೆ: ಮ್ಯಾಕ್‌ಬೆತ್‌ನನ್ನು ಕೆಡಿಸಿದ್ದು ಹೆಂಡತಿಯೇ ಅಲ್ವಾ?

ಪ್ರಶ್ನೆ: ಮ್ಯಾಕ್‌ಬೆತ್ ಒಳ್ಳೆಯ ಮನುಷ್ಯ. ಹೆಂಡತಿ ಮಾತು ಕೇಳಿ ಕೆಟ್ಟ. ಅವನ ಒಳತೋಟಿ ಅಂದರೆ ಇದೇ ಅಲ್ವಾ ಸಾರ್?

ಅಲ್ಲ.

ಪ್ರತಿ ವರ್ಷ ಪರೀಕ್ಷೆ ಹತ್ತಿರ ಬಂತು ಅಂದರೆ ಈ ಪ್ರಶ್ನೆ ಬರುತ್ತದೆ. ತುಮಕೂರಿನ ಡಿಗ್ರಿ ಮಕ್ಕಳು ಕೇಳುತ್ತಾರೆ. ಹೋದ ತಿಂಗಳು ತಿಪಟೂರಿನ ಕಡೆಯ ಮೇಷ್ಟ್ರೊಬ್ಬರೂ ಕೇಳಿದರು. ಎಷ್ಟು ಸಲ ಹೇಳಿದರೂ ಇದು ಹೋಗುತ್ತಿಲ್ಲ. ಹಾಗಾಗಿ ಈ ಸಲ ನಾಟಕವನ್ನೇ ಎದುರಿಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಶೇಕ್ಸ್‌ಪಿಯರ್ ನಾಟಕದ ಕಥೆ ಇಷ್ಟು: ಸ್ಕಾಟ್ಲೆಂಡಿನ ಸೇನಾಪತಿ ಮ್ಯಾಕ್‌ಬೆತ್, ತನ್ನ ಮನೆಗೆ ಬಂದು ಮಲಗಿದ ಡಂಕನ್ ರಾಜನನ್ನು ಕೊಂದು ತಾನೇ ರಾಜನಾಗುತ್ತಾನೆ, ಆಮೇಲೆ ಕೊಲೆಯ ಮೇಲೆ ಕೊಲೆ ಮಾಡಿಸುತ್ತಾನೆ.

ಮೊದಲ ಅಂಕದ ಮೂರನೇ ದೃಶ್ಯ ತೆಗೆಯಿರಿ. ಯುದ್ಧ ಗೆದ್ದು ಮ್ಯಾಕ್‌ಬೆತ್, ಅವನ ಜೊತೆಯ ಸೇನಾಪತಿ ಬ್ಯಾಂಕೊ ಇಬ್ಬರೂ ಬರುತ್ತಿದ್ದಾರೆ. ಮಾಟಗಾತಿಯರು ಎದುರಾಗಿ, ಮುಂದೆ ನೀನು ರಾಜನಾಗುತ್ತೀಯ ಅನ್ನುತ್ತಾರೆ. ಅಷ್ಟೇ. ಯಾರನ್ನೂ ಕೊಲ್ಲು ಅನ್ನುವುದಿಲ್ಲ. ಅಂಥ ಮಾತು ಕೇಳಿದವನು ಖುಷಿಪಡಬೇಕು, ಇಲ್ಲ ನಕ್ಕು ಸುಮ್ಮನಾಗಬೇಕು. ಇವನು ಬೆಚ್ಚಿಬೀಳುತ್ತಾನೆ. ಪಕ್ಕದಲ್ಲಿದ್ದ ಬ್ಯಾಂಕೊಗೂ ಅದು ಕಾಣುತ್ತದೆ. ಇಷ್ಟು ಚೆನ್ನಾಗಿರುವ ಮಾತಿಗೆ ಯಾಕಪ್ಪಾ ಹೆದರಿದೆ ಅಂತ ಕೇಳುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಮ್ಯಾಕ್‌ಬೆತ್ ತನ್ನಷ್ಟಕ್ಕೆ ಹೇಳಿಕೊಳ್ಳುವುದನ್ನು ಓದಿ. ತಲೆಯಲ್ಲಿ ಬಂದ ಒಂದು ಚಿತ್ರಕ್ಕೆ ಅವನ ಕೂದಲು ನಿಮಿರಿದೆ, ಎದೆ ಪಕ್ಕೆಲುಬಿಗೆ ಬಡಿಯುತ್ತಿದೆ. ರಾಜನ ಕೊಲೆಯ ಮಾತು ಮೊದಲು ಬರುವುದು ಇವನ ಬಾಯಲ್ಲಿ.

ಆ ಹೊತ್ತಿಗೆ ಹೆಂಡತಿ ಎಲ್ಲಿದ್ದಾಳೆ? ದೂರದ ಇನ್ವರ್ನೆಸ್ ಕೋಟೆಯಲ್ಲಿ. ನಾಟಕದೊಳಗೆ ಅವಳು ಕಾಲಿಡುವುದೇ ಐದನೇ ದೃಶ್ಯಕ್ಕೆ, ಗಂಡನ ಪತ್ರ ಹಿಡಿದುಕೊಂಡು. ನಡುವಿನ ನಾಲ್ಕನೇ ದೃಶ್ಯದಲ್ಲಿ ಡಂಕನ್ ರಾಜ ಮಗ ಮಾಲ್ಕಮ್‌ನನ್ನು ಉತ್ತರಾಧಿಕಾರಿ ಅಂತ ಸಾರುತ್ತಾನೆ. ಆಗ ಮ್ಯಾಕ್‌ಬೆತ್ ನಕ್ಷತ್ರಗಳಿಗೆ ಹೇಳುತ್ತಾನೆ: ನಿಮ್ಮ ಬೆಳಕು ಮುಚ್ಚಿಕೊಳ್ಳಿ, ನನ್ನ ಕಪ್ಪು ಆಸೆ ಯಾರ ಕಣ್ಣಿಗೂ ಬೀಳದಿರಲಿ. ಈ ನಕ್ಷತ್ರದ ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಇನ್ನೊಂದು ಸಾಕ್ಷಿ ಏಳನೇ ದೃಶ್ಯದಲ್ಲಿದೆ. ಗಂಡ ಹಿಂಜರಿದಾಗ ಅವಳು ಸಿಡುಕುತ್ತಾಳೆ. ಈ ವಿಷಯ ನನ್ನ ಹತ್ತಿರ ಎತ್ತಿದಾಗ ನಿನ್ನೊಳಗಿದ್ದದ್ದು ಯಾವ ಮೃಗ ಅಂತ ಕೇಳುತ್ತಾಳೆ. ಅಂದರೆ ಮೊದಲು ಎತ್ತಿದವನು ಅವನೇ. ಅವನೂ ಅದನ್ನು ಇಲ್ಲ ಅನ್ನುವುದಿಲ್ಲ. ಗೈಡ್ ಬರೆಯುವವರು ಈ ಸಾಲನ್ನು ಯಾಕೆ ದಾಟಿ ಹೋಗುತ್ತಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಹಾಗಾದರೆ ಅವಳ ತಪ್ಪೇ ಇಲ್ವಾ? ಇದೆ, ಜಾಸ್ತಿಯೇ ಇದೆ. ನೀನು ಗಂಡಸೇನು ಅಂತ ಹಂಗಿಸುತ್ತಾಳೆ. ಕಾವಲುಗಾರರಿಗೆ ಕುಡಿಸಿ ಮಲಗಿಸುವ ಉಪಾಯ ಅವಳದೇ. ಕಿಡಿ ಅವನದು, ಊದಿದವಳು ಅವಳು. ಆದರೆ ಮುಂದೆ ಬ್ಯಾಂಕೊನನ್ನು ಕೊಲ್ಲಿಸುವಾಗ ಅವನು ಹೆಂಡತಿಗೆ ಹೇಳುವುದೇ ಇಲ್ಲ. ಕೆಲಸ ಆಗುವ ತನಕ ನಿನಗೆ ಗೊತ್ತಾಗುವುದು ಬೇಡ, ಆಮೇಲೆ ಮೆಚ್ಚಿಕೋ ಅನ್ನುತ್ತಾನೆ. ತನಗೆ ಎದುರು ನಿಂತ ಸರದಾರ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳನ್ನು ಕೊಲ್ಲಿಸುವಾಗಲೂ ಇವಳನ್ನು ಕೇಳಿಲ್ಲ. ಊದುವವರಿಲ್ಲದೆಯೂ ಉರಿಯುತ್ತಿತ್ತಲ್ಲ?

ಕೆಲವರು ಹಣೆಬರಹ ಸಾರ್ ಅನ್ನುತ್ತಾರೆ. ನಿನ್ನ ಮಕ್ಕಳು ರಾಜರಾಗುತ್ತಾರೆ ಅಂತ ಬ್ಯಾಂಕೊಗೂ ಅದೇ ಮಾಟಗಾತಿಯರು ಹೇಳಿದ್ದರು. ಅವನು ಯಾರನ್ನೂ ಕೊಲ್ಲಲಿಲ್ಲ.

ಈಗ ಒಳತೋಟಿಗೆ ಬರೋಣ. ಏಳನೇ ದೃಶ್ಯದ ಶುರುವಿನ ಸ್ವಗತ ಓದಿ. ಊಟದ ಮನೆಯಲ್ಲಿ ರಾಜ ಕೂತಿದ್ದಾನೆ. ಇವನು ಎದ್ದು ಹೊರಗೆ ಬಂದಿದ್ದಾನೆ. ಒಬ್ಬನೇ ನಿಂತು ಲೆಕ್ಕ ಹಾಕುತ್ತಾನೆ. ನಾನು ಅವನ ನೆಂಟ. ಅವನ ಪ್ರಜೆ. ಮೇಲಾಗಿ ಅವನು ನನ್ನ ಮನೆಗೆ ಬಂದ ಅತಿಥಿ. ಕೊಲ್ಲಲು ಬಂದವನಿಗೆ ಬಾಗಿಲು ಹಾಕಬೇಕಾದ ನಾನೇ ಚಾಕು ಹಿಡಿಯುವುದೇ? ಕೊಲ್ಲಬಾರದು ಅನ್ನಲು ಇಷ್ಟೆಲ್ಲ ಕಾರಣ ಸಿಗುತ್ತವೆ. ಕೊಲ್ಲಲು ಒಂದೇ, ತನ್ನ ಆಸೆ. ಇತಿಹಾಸದ ಮ್ಯಾಕ್‌ಬೆತ್ 1040ರಲ್ಲಿ ಡಂಕನ್‌ನನ್ನು ಯುದ್ಧದಲ್ಲಿ ಸೋಲಿಸಿ ಕೊಂದು, 1057ರವರೆಗೆ ಆಳಿದವನು. ಮನೆಗೆ ಬಂದು ಮಲಗಿದ ರಾಜನನ್ನು ಇರಿಯುವ ಭಾಗವನ್ನು ಶೇಕ್ಸ್‌ಪಿಯರ್ ಡಫ್ ಅನ್ನುವ ಬೇರೊಬ್ಬ ರಾಜನ ಕಥೆಯಿಂದ ತಂದ. ಈ ಲೆಕ್ಕ ಇಷ್ಟು ಭಾರವಾಗಿದ್ದು ಅದರಿಂದಲೇ.

ತಪ್ಪು ಅಂತ ಗೊತ್ತಿದ್ದೂ ಬಿಡಲಾಗದೆ ಒದ್ದಾಡುವುದೇ ಅವನ ಒಳತೋಟಿ. ಇದು ನಮಗೆ ಗೊತ್ತಿಲ್ಲದ ವಿಷಯ ಏನಲ್ಲ. ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ ಜಿಲ್ಲೆ ನಮ್ಮದು. ಹಬ್ಬ ಜಾತ್ರೆ ಬಂದರೆ ಈಗಲೂ ಊರೂರಲ್ಲಿ ಸೀನರಿ ಕಟ್ಟಿಸಿ ರಾತ್ರಿಯೆಲ್ಲ ಕುರುಕ್ಷೇತ್ರ ಆಡುತ್ತಾರೆ. ಬೆಳಗ್ಗೆ ಟೀ ಅಂಗಡಿಯಲ್ಲಿ, ಶಕುನಿ ಇಲ್ಲದಿದ್ದರೆ ದುರ್ಯೋಧನ ಹಾಗಾಗುತ್ತಿರಲಿಲ್ಲ ಅನ್ನುವವರು ಇದ್ದೇ ಇರುತ್ತಾರೆ. ದುರ್ಯೋಧನನದು ಅಂತ ಹೇಳುವ ಒಂದು ಹಳೆಯ ಶ್ಲೋಕ ಇದೆ, 'ಜಾನಾಮಿ ಧರ್ಮಂ' ಅಂತ ಶುರುವಾಗುತ್ತದೆ. ಧರ್ಮ ಯಾವುದು ಅಂತ ನನಗೆ ಗೊತ್ತು, ಮನಸ್ಸು ಆ ಕಡೆ ಹೋಗುವುದಿಲ್ಲ. ಅಧರ್ಮ ಯಾವುದು ಅಂತಲೂ ಗೊತ್ತು, ಬಿಡಲಿಕ್ಕೆ ಆಗುವುದಿಲ್ಲ. ಆ ಸ್ವಗತವನ್ನು ಪಾಠ ಮಾಡುವಾಗ ನಾನು ಮೊದಲು ಈ ಶ್ಲೋಕ ಹೇಳುತ್ತೇನೆ. ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. ಪೂರ್ತಿ ನಾಟಕ ಕನ್ನಡದಲ್ಲೇ ಓದಬೇಕು ಅನ್ನುವವರಿಗೆ ಮುಳಬಾಗಿಲಿನ ಡಿ.ವಿ.ಜಿ. ಮಾಡಿದ ಅನುವಾದ ಇದೆ. ದಯವಿಟ್ಟು ಓದಿ.

ನೀವು ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಕೊಲೆಯಾದ ರಾತ್ರಿ ಗಂಡ, ಸಮುದ್ರದ ನೀರೆಲ್ಲ ಸುರಿದರೂ ಈ ಕೈ ತೊಳೆಯುತ್ತದಾ ಅನ್ನುತ್ತಾನೆ. ಹೆಂಡತಿ, ಒಂದಿಷ್ಟು ನೀರು ಸಾಕು ಅನ್ನುತ್ತಾಳೆ. ಐದನೇ ಅಂಕಕ್ಕೆ ಬಂದರೆ ಅವನಿಗೆ ಭಯದ ರುಚಿಯೇ ಮರೆತುಹೋಗಿದೆ. ಇವಳು ನಿದ್ದೆಯಲ್ಲಿ ಎದ್ದು ಓಡಾಡುತ್ತಾ ಕೈ ತೊಳೆಯುತ್ತಿದ್ದಾಳೆ. ಅವನ ತೊಳಲಾಟ ಇವಳಿಗೆ ಬಂದು ಸೇರಿದೆ.

ಹಿಂದೊಮ್ಮೆ ಮಕ್ಕಳಿಂದ ಈ ದೃಶ್ಯ ಆಡಿಸುತ್ತಿದ್ದೆವು. ಪಾತ್ರ ಮಾಡುತ್ತಿದ್ದ ಹುಡುಗಿ ತಾಲೀಮು ನಿಲ್ಲಿಸಿ, 'ಸಾರ್, ಒಂದು ಕೈಯಲ್ಲಿ ದೀಪ ಇದೆ, ಕೈ ಹೇಗೆ ಉಜ್ಜಲಿ?' ಅಂದಳು. ನನಗಾದ ಸಂತೋಷ ಹೇಳಲಾರೆ. 1785ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಸಾರಾ ಸಿಡನ್ಸ್ ಎಂಬ ನಟಿಗೂ ಇದೇ ಪ್ರಶ್ನೆ ಎದ್ದಿತ್ತು. ಹಿಂದಿನ ನಟಿ ದೀಪವನ್ನು ಕೈಯಿಂದ ಬಿಟ್ಟವಳೇ ಅಲ್ಲ, ನೀನೂ ಬಿಡಬೇಡ ಅಂತ ಅಲ್ಲಿನ ಮ್ಯಾನೇಜರ್ ಶೆರಿಡನ್ ಹಟ ಹಿಡಿದ. ಅವಳು ಕೇಳಲಿಲ್ಲ. ದೀಪ ಕೆಳಗಿಟ್ಟು ಎರಡೂ ಕೈ ಉಜ್ಜಿದಳು. ಆಟ ಮುಗಿದ ಮೇಲೆ ಅವನೇ ಬಂದು ಮೆಚ್ಚಿಕೊಂಡ.

ನಮ್ಮ ಹುಡುಗಿಯೂ ದೀಪವನ್ನು ಪಕ್ಕದ ಸ್ಟೂಲಿನ ಮೇಲಿಟ್ಟಳು. ಲೈಟಿನವರು ಆ ಹೊತ್ತಿಗೆ ರಂಗ ಪೂರ್ತಿ ಕತ್ತಲು ಮಾಡೋಣ ಅಂದರು. ನಾನು ಬೇಡ ಅಂದೆ. ನಕ್ಷತ್ರಗಳ ಬೆಳಕನ್ನು ಮುಚ್ಚು ಅಂದವನ ಹೆಂಡತಿ ಅವಳು. ದಟ್ಟ ಕತ್ತಲೇ ಬಾ ಅಂತ ಅವಳೂ ಕರೆದಿದ್ದಳು. ಈಗ ಮಗ್ಗುಲಲ್ಲಿ ಯಾವಾಗಲೂ ದೀಪ ಉರಿಯುತ್ತಿರಬೇಕು ಅಂತ ಅವಳದೇ ಅಪ್ಪಣೆ, ದಾಸಿ ವೈದ್ಯನಿಗೆ ಹೇಳುತ್ತಾಳೆ. ಆ ಸ್ಟೂಲಿನ ಮೇಲಿನ ದೀಪವನ್ನು ದೃಶ್ಯ ಮುಗಿಯುವ ತನಕ ಆರಿಸಲಿಲ್ಲ.