ಪ್ರಾಜೆಕ್ಟ್ ಹುದ್ದೆಗೆ ಹೋಗುವ ಮೊದಲು ಒಂದು ಕಡತ ಸಿದ್ಧವಿರಲಿ

ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವಿರಲಿ, ಗಡಿಯಾಚೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯವಿರಲಿ, ಸಂಶೋಧನಾ ಯೋಜನೆಯ ಹುದ್ದೆಗೆ 'ಡೇಟಾ ಅನಾಲಿಸಿಸ್ ಬಲ್ಲವರಿಗೆ ಆದ್ಯತೆ' ಎಂದು ಬರೆದದ್ದು ಕಂಡರೆ ಅರ್ಥಶಾಸ್ತ್ರ, ಸಮಾಜಕಾರ್ಯ ಓದಿದ ನಮ್ಮ ಮಕ್ಕಳು ಹಿಂದೆ ಸರಿಯುತ್ತಾರೆ. ಸರಿಯಬೇಕಾಗಿಲ್ಲ. ಸಮೀಕ್ಷೆಯಿಂದ ಬಂದ ಅಸ್ತವ್ಯಸ್ತ ಕಡತವನ್ನು ನಂಬಬಹುದಾದ ಕೋಷ್ಟಕ ಮಾಡಿಕೊಡಬಲ್ಲವರು ಯೋಜನೆ ನಡೆಸುವವರಿಗೆ ಬೇಕು. ಆ ಕೆಲಸದ ಮುಕ್ಕಾಲು ಪಾಲು ಸೂಕ್ಷ್ಮ ಗಮನ, ಉಳಿದದ್ದು ಸಾಫ್ಟ್‌ವೇರ್.

ಅಭ್ಯಾಸಕ್ಕೆ ನಮ್ಮ ಕಾಸರಗೋಡು ಜಿಲ್ಲೆಯ 2011ರ ಜನಗಣತಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಕಾಸರಗೋಡು, ಹೊಸದುರ್ಗ ಎಂಬ ಎರಡೇ ತಾಲೂಕು. ಮಂಜೇಶ್ವರ, ವೆಳ್ಳರಿಕುಂಡು ತಾಲೂಕುಗಳಾದದ್ದು 2014ರಲ್ಲಿ. ಇಂದಿನ ತಾಲೂಕುವಾರು ಪಟ್ಟಿಯನ್ನು ಆ ಕಡತಕ್ಕೆ ನೇರವಾಗಿ ಜೋಡಿಸಿದರೆ ಎರಡು ತಾಲೂಕು ಖಾಲಿ ಬರುತ್ತವೆ. ಗ್ರಾಮಗಳ ಮಟ್ಟಕ್ಕಿಳಿದು ಮತ್ತೆ ಒಟ್ಟುಗೂಡಿಸಬೇಕು. ಅಲ್ಲಿ ಹೆಸರುಗಳ ತೊಡಕು: ಒಂದು ಕಡತದಲ್ಲಿ ಕುಂಬಳೆ, ಇನ್ನೊಂದರಲ್ಲಿ ಕುಂಬ್ಳ; ಒಂದು ಕಡೆ ಮಂಜೇಶ್ವರ, ಇನ್ನೊಂದು ಕಡೆ ಮಂಜೇಶ್ವರಂ. ಕಂಪ್ಯೂಟರಿಗೆ ಅವು ಬೇರೆ ಬೇರೆ ಊರು. ಆದ್ದರಿಂದ ಹೆಸರಿನಿಂದಲ್ಲ, ಪ್ರತಿ ಊರಿಗೂ ಕೊಟ್ಟಿರುವ ಸಂಖ್ಯೆಯಿಂದ, ಅಂದರೆ ಕೋಡ್‌ನಿಂದ ಜೋಡಿಸಿ. ಎಕ್ಸೆಲ್‌ನಲ್ಲಿ ತೆರೆಯುವಾಗ ಕೋಡಿನ ಕಾಲಂ ಅನ್ನು 'ಟೆಕ್ಸ್ಟ್' ಎಂದು ಗುರುತಿಸದಿದ್ದರೆ 007 ಎಂಬುದು ಬರೀ 7 ಆಗುತ್ತದೆ, ಜೋಡಣೆ ಮತ್ತೆ ತಪ್ಪುತ್ತದೆ.

ಇನ್ನೊಂದು ಬಲೆ, ಉತ್ತರ ಸಿಗದ ಕಡೆ ಹಾಕುವ ಸಂಕೇತ. ಹತ್ತು ಜನರಲ್ಲಿ ಒಂಬತ್ತು ಮಂದಿಯ ವಯಸ್ಸು 40, ಒಬ್ಬರ ವಯಸ್ಸು ಗೊತ್ತಾಗದೆ 99 ಎಂದು ನಮೂದಾಗಿದೆ ಎನ್ನಿ. ಹಾಗೇ ಬಿಟ್ಟರೆ ಸರಾಸರಿ 45.9 ಬರುತ್ತದೆ, ವಯಸ್ಸು ಗೊತ್ತಿರುವವರ ಸರಾಸರಿ 40. ಯಾವ ಸಾಫ್ಟ್‌ವೇರೂ ಇದನ್ನು ತಪ್ಪೆಂದು ಹೇಳುವುದಿಲ್ಲ. ಪ್ರತಿ ಕಾಲಂನ ಕನಿಷ್ಠ, ಗರಿಷ್ಠ ನೋಡುವುದೇ ಮೊದಲ ಕೆಲಸವಾಗಬೇಕು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂಥ ಮಾದರಿ ಸಮೀಕ್ಷೆಗಳಲ್ಲಿ ಪ್ರತಿ ಸಾಲಿಗೂ 'ತೂಕ', ಅಂದರೆ ಆ ಉತ್ತರವನ್ನು ಲೆಕ್ಕದಲ್ಲಿ ಎಷ್ಟರಮಟ್ಟಿಗೆ ಹಿಡಿಯಬೇಕೆಂಬ ಸಂಖ್ಯೆ, ಇರುತ್ತದೆ. ಅಲ್ಲಿ ಮಹಿಳೆಯರ ಕಡತದ ತೂಕವನ್ನು 10 ಲಕ್ಷದಿಂದ ಭಾಗಿಸಿ ಬಳಸಬೇಕು. ತೂಕ ಹಾಕದೆ ತೆಗೆದ ಶೇಕಡಾವಾರು ಆ ಕಡತದಲ್ಲಿರುವವರದ್ದಷ್ಟೇ, ರಾಜ್ಯದ್ದಲ್ಲ. ಸಂದರ್ಶನದಲ್ಲಿ ಈ ಪ್ರಶ್ನೆಗೇ ತುಂಬ ಜನ ತಡವರಿಸುತ್ತಾರೆ.

ಇದೆಲ್ಲವನ್ನೂ ಆರ್ ಅಥವಾ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿಡಿ, ಯಾರು ಮತ್ತೆ ಓಡಿಸಿದರೂ ಅದೇ ಕೋಷ್ಟಕ ಬರುವಂತಿರಲಿ. ಮೂಲ ಕಡತವನ್ನು ಮುಟ್ಟಬೇಡಿ. ಎರಡು ಪುಟದ ವಿವರಣೆ ಜತೆಗಿದ್ದರೆ ಐದು ಸರ್ಟಿಫಿಕೇಟಿಗಿಂತ ಹೀಗೆ ಸಿದ್ಧಪಡಿಸಿದ ಕಡತವೇ ಹೆಚ್ಚು ಮಾತಾಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಕಟಣೆಯನ್ನು ಕೊನೆಯ ಸಾಲಿನವರೆಗೂ ಓದಿ. ಯೋಜನೆ ಮುಗಿದ ದಿನ ಹುದ್ದೆಯೂ ಮುಗಿಯುತ್ತದೆ. ಸೇರಿದ ಮಾತ್ರಕ್ಕೆ ಪಿಎಚ್‌ಡಿ ನೋಂದಣಿ ಆಗುವುದಿಲ್ಲ. ಕೇಂದ್ರದ ಜೆಆರ್‌ಎಫ್ (ಕಿರಿಯ ಸಂಶೋಧಕರಿಗೆ ಕೊಡುವ ಫೆಲೋಶಿಪ್) ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಆದರೆ ಎಲ್ಲ ಪ್ರಾಜೆಕ್ಟ್ ಹುದ್ದೆಗೂ ಈ ದರವಿಲ್ಲ. ಕೇಂದ್ರೀಯ ಸಂಸ್ಥೆಗಳ ಹುದ್ದೆಗೆ ಒಬಿಸಿಯವರು ನಾನ್ ಕ್ರೀಮಿಲೇಯರ್ ಪ್ರಮಾಣಪತ್ರವನ್ನು ಕೇಂದ್ರದ ನಮೂನೆಯಲ್ಲೇ ಮಾಡಿಸಬೇಕು, ರಾಜ್ಯದ್ದು ಸಾಲದು.

ಬಯೋಡೇಟಾದಲ್ಲಿ ಹೆಚ್ಚಿನವರು ಬಿಡುವುದು ಭಾಷೆಯ ಸಾಲನ್ನು. ಕನ್ನಡ, ಮಲಯಾಳ, ತುಳು ಮಾತಾಡಬಲ್ಲೆ, ಎರಡು ಲಿಪಿ ಓದಬಲ್ಲೆ ಎಂದು ಸ್ಪಷ್ಟವಾಗಿ ಬರೆಯಿರಿ. ಮಂಜೇಶ್ವರದ ಮನೆಯಂಗಳದಲ್ಲಿ ಕೂತು ಪ್ರಶ್ನಾವಳಿ ತುಂಬಿಸಿಕೊಂಡು, ಸಂಜೆ ಅದನ್ನೇ ಕೋಷ್ಟಕ ಮಾಡಬಲ್ಲವರು ಸಿಗುವುದು ಕಷ್ಟ.