ಬೋರ್ಡಿನ ಧಾರಣೆಯೋ, ಚೀಟಿಯ ಧಾರಣೆಯೋ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಮಾರುಕಟ್ಟೆಗಳ ಅಡಿಕೆ ಧಾರಣೆ ತೋರಿಸುವ ಆ್ಯಪ್ ಬರೆಯುತ್ತಿದ್ದೀರಿ ಎನ್ನಿ. ಮೂರು ಹೆಸರಿನ ಪಟ್ಟಿ, ಅದರ ಮೇಲೊಂದು ಲೂಪ್, ಪ್ರತಿ ಸುತ್ತಿಗೂ ಒಂದು ಸೆಟ್‌ಟೈಮ್‌ಔಟ್ (ಕೊಟ್ಟ ಕೆಲಸವನ್ನು ಕಾದು ಮಾಡಿಸುವ ಆಜ್ಞೆ). ಕೆಲಸ ಇಷ್ಟೇ: ಪಟ್ಟಿಯ ‘ಐ’ನೇ ಸ್ಥಾನದ ಹೆಸರು ತೋರಿಸುವುದು. ಜಾವಾಸ್ಕ್ರಿಪ್ಟ್‌ನಲ್ಲಿ ಲೂಪಿನ ಸುತ್ತು ಎಣಿಸುವ ಈ ‘ಐ’ಯನ್ನು ವಾರ್ ಎಂದು ಘೋಷಿಸಿದ್ದರೆ ಮೂರು ಸಲವೂ ‘ಅನ್‌ಡಿಫೈನ್ಡ್’ ಬರುತ್ತದೆ. ಪಟ್ಟಿಯ ಸ್ಥಾನಗಳು 0, 1, 2. ಕಾಲ್‌ಬ್ಯಾಕ್, ಅಂದರೆ ಕಾದು ಮಾಡಬೇಕಾದ ಆ ಕೆಲಸ, ಓಡುವ ಹೊತ್ತಿಗೆ ಐ 3 ಆಗಿರುತ್ತದೆ. ಕಾಯುವ ಸಮಯ ಸೊನ್ನೆ ಎಂದು ಕೊಟ್ಟರೂ ಅದೇ ಗತಿ. ಓಡುತ್ತಿರುವ ಕೋಡ್ ಮುಗಿಯದೆ ಕಾಲ್‌ಬ್ಯಾಕ್‌ಗೆ ಸರದಿ ಸಿಗುವುದಿಲ್ಲವಲ್ಲ.

ಕ್ಲೋಶರ್ (ಹೊರಗಿನ ವೇರಿಯಬಲ್ ಬಳಸುವ ಇಂಥ ಫಂಕ್ಷನ್) ಹಿಡಿದಿಟ್ಟುಕೊಳ್ಳುವುದು ವೇರಿಯಬಲ್ಲನ್ನು, ಅದರ ಆ ಕ್ಷಣದ ಮೌಲ್ಯವನ್ನಲ್ಲ. ‘ಮಂಡಿ ಬೋರ್ಡ್ ನೋಡಿಕೊಂಡು ಬಾ’ ಎಂದು ಕಳಿಸಿದಂತೆ: ಹೋದವನು ತಲುಪಿದಾಗ ಬೋರ್ಡಿನಲ್ಲಿ ಏನಿದೆಯೋ ಅದೇ ಸಿಗುವುದು. ಹೊರಡುವಾಗಿನ ಮೌಲ್ಯವೇ ಬೇಕಿದ್ದರೆ ಚೀಟಿ ಬರೆದು ಕೈಗೆ ಕೊಡಬೇಕು. ವಾರ್ ಬದಲು 2015ರಲ್ಲಿ ಬಂದ ಲೆಟ್ ಬಳಸಿದರೆ ಸುತ್ತಿಗೊಂದು ಹೊಸ ಐ ಹುಟ್ಟುತ್ತದೆ. ಐಯನ್ನು ಸೆಟ್‌ಟೈಮ್‌ಔಟ್‌ನ ಮೂರನೇ ಆರ್ಗ್ಯುಮೆಂಟಾಗಿಯೂ ಕೊಡಬಹುದು. ಪೈಥಾನ್ ಲ್ಯಾಂಬ್ಡಾದಲ್ಲಿ ‘ಐ=ಐ’ ಎಂಬ ಡೀಫಾಲ್ಟ್ ಹಾಕಿ. ಗೋ ಭಾಷೆ ಇದನ್ನು 2024ರಲ್ಲಿ, 1.22ನೇ ಆವೃತ್ತಿಯಲ್ಲಿ ತಾನೇ ಸರಿಪಡಿಸಿಕೊಂಡಿತು. ಆಬ್ಜೆಕ್ಟ್ ಆದರೆ ಜೋಪಾನ: ಚೀಟಿಯಲ್ಲಿ ಹೋಗುವುದು ವಿಳಾಸ ಮಾತ್ರ, ಒಳಗಿನದು ಆಮೇಲೂ ಬದಲಾಗಬಹುದು. ನಕಲು ಮಾಡಿಯೇ ಕಳಿಸಿ.

ತೆರೆ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ ರಿಯಾಕ್ಟ್‌ನಲ್ಲಿ ಕಾಟ ತಿರುಗುಮುರುಗು: ಹೊಸ ಮೌಲ್ಯ ಬೇಕಿದ್ದಾಗ ಹಳೆಯದು ಸಿಗುತ್ತದೆ. 30 ಸೆಕೆಂಡಿಗೊಮ್ಮೆ ಧಾರಣೆ ತರಿಸುವ ಇಂಟರ್ವಲ್ ಅನ್ನು ಖಾಲಿ ಡಿಪೆಂಡೆನ್ಸಿ ಪಟ್ಟಿಯ (ಏನು ಬದಲಾದರೆ ಮತ್ತೆ ಓಡಬೇಕೆಂದು ಹೇಳುವ ಪಟ್ಟಿ) ಯೂಸ್‌ಎಫೆಕ್ಟ್‌ನಲ್ಲಿ ಇಟ್ಟರೆ, ಬಳಕೆದಾರ ಅಡಿಕೆಯ ಬಗೆಗಳಲ್ಲಿ ‘ರಾಶಿ’ ಬಿಟ್ಟು ‘ಬೆಟ್ಟೆ’ ಆರಿಸಿದ ಮೇಲೂ ಅದು ರಾಶಿಯದನ್ನೇ ತರುತ್ತಿರುತ್ತದೆ. ಪ್ರತಿ ರೆಂಡರ್‌ಗೂ, ಅಂದರೆ ತೆರೆಯನ್ನು ಮತ್ತೆ ಕಟ್ಟಿದಾಗಲೆಲ್ಲ, ಬೇರೆ ಚೀಟಿ. ಇಂಟರ್ವಲ್ ಕೈಲಿರುವುದು ಮೊದಲನೆಯದು. ಬಗೆಯನ್ನು ಡಿಪೆಂಡೆನ್ಸಿಗೆ ಸೇರಿಸಿ, ಕ್ಲೀನಪ್‌ನಲ್ಲಿ ಹಳೆಯ ಇಂಟರ್ವಲ್ ನಿಲ್ಲಿಸಿ. ಟೈಮರ್ ಕಡಿಯಬಾರದು ಎಂದಿದ್ದರೆ ಮೌಲ್ಯವನ್ನು ರೆಫ್‌ನಲ್ಲಿಟ್ಟು (ಎಷ್ಟು ರೆಂಡರ್ ಆದರೂ ಅದೇ ಉಳಿಯುವ ಡಬ್ಬಿ), ಓಡುವಾಗ ಅಲ್ಲಿಂದ ಓದಿ.

ಇಷ್ಟಾದರೂ ಒಂದು ಸಂದು ಉಳಿಯುತ್ತದೆ. ಘಟ್ಟದಂಚಿನ ಊರಲ್ಲಿ ಸಿಗ್ನಲ್ ಬಂದು ಹೋಗುವಾಗ ಬೆಟ್ಟೆಯ ಉತ್ತರ ಮೊದಲು ಬಂದು, ಅದಕ್ಕಿಂತ ಮೊದಲೇ ಕೇಳಿದ್ದ ರಾಶಿಯ ಉತ್ತರ ತಡವಾಗಿ ಬಂದು ಅದರ ಮೇಲೆ ಕೂರುತ್ತದೆ. ತೆರೆಯಲ್ಲಿ ಬೆಟ್ಟೆ ಎಂಬ ಹೆಸರು, ಕೆಳಗೆ ರಾಶಿಯ ದರ! ಪ್ರತಿ ಕೋರಿಕೆಗೂ ಕ್ರಮಸಂಖ್ಯೆ ಕೊಡಿ. ಅವೇಟ್ (ಉತ್ತರಕ್ಕೆ ಕಾಯುವುದು) ಮುಗಿದೊಡನೆ ‘ಈಗಲೂ ಕೊನೆಯ ಸಂಖ್ಯೆ ಇದೇನಾ’ ಎಂದು ನೋಡಿ, ಇಲ್ಲವಾದರೆ ಉತ್ತರವನ್ನು ಬಿಸಾಡಿ. ಅಬಾರ್ಟ್‌ಕಂಟ್ರೋಲರ್‌ನಿಂದ ಹಳೆಯ ಕೋರಿಕೆ ರದ್ದು ಮಾಡಿದರೆ ಡೇಟಾವೂ ಉಳಿದೀತು. ಪರೀಕ್ಷೆಗೆ ಬ್ರೌಸರ್‌ನ ನೆಟ್‌ವರ್ಕ್ ವೇಗ ಇಳಿಸಿದರೆ ಸಾಲದು, ಎರಡೂ ಒಂದೇ ಸಮ ನಿಧಾನವಾಗುತ್ತವೆ ಅಷ್ಟೆ. ಸರ್ವರ್‌ನಲ್ಲಿ ರಾಶಿಯ ಉತ್ತರವನ್ನು ಮಾತ್ರ 5 ಸೆಕೆಂಡು ತಡೆಹಿಡಿದು ನೋಡಿ.