‘ಸ್ವಲ್ಪ ಟೈಟ್ ಮಾಡಿಬಿಡಿ’

ಕಾಫಿ ಕೊಯ್ಲು ಶುರುವಾದರೆ ಸಾಕು, ಚಿಕ್ಕಮಗಳೂರಿನ ನನ್ನ ಗ್ಯಾರೇಜಿಗೆ ಜೀಪು, ಪಿಕಪ್ಪುಗಳ ಸಾಲು. ಗಾಡಿ ಬೇರೆ ಬೇರೆ, ಮಾತು ಮಾತ್ರ ಒಂದೇ. “ಕ್ಲಚ್ ಬಿಟ್ಟಾಗ ಕೆಳಗಡೆ ಕಟಕ್ ಅನ್ನುತ್ತೆ ಅಣ್ಣಾ. ಶಾಫ್ಟ್ ಬೋಲ್ಟ್ ಲೂಸ್ ಆಗಿರಬೇಕು. ಸ್ವಲ್ಪ ಟೈಟ್ ಮಾಡಿಬಿಡಿ.” ಕೆಲವರು ಇಂಜಿನ್ನನ್ನೂ ಆಫ್ ಮಾಡುವುದಿಲ್ಲ. ಐದು ನಿಮಿಷದ ಕೆಲಸ ಅಲ್ವಾ!

ಶಾಫ್ಟ್ ಅಂದರೆ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ (ಚಕ್ರಗಳ ಅಚ್ಚಿಗೆ) ಇಂಜಿನ್ನಿನ ಎಳೆತ ಒಯ್ಯುವ ಉದ್ದನೆಯ ದಂಡ. ಅದರ ಬೋಲ್ಟನ್ನು ನಾನು ಟೈಟ್ ಮಾಡುವುದಿಲ್ಲ. ಬಿಚ್ಚಿ ಗುಜರಿ ಡಬ್ಬಕ್ಕೆ ಹಾಕುತ್ತೇನೆ. ಜಗಳ ಶುರುವಾಗುವುದೇ ಅಲ್ಲಿಂದ. “ಚೆನ್ನಾಗೇ ಇತ್ತಲ್ಲ, ಯಾಕೆ ಎಸೆದ್ರಿ?”

ಶಾಫ್ಟಿನ ತುದಿಗೊಂದು, ಅದು ಸೇರುವ ಕಡೆಗೊಂದು ಚಪ್ಪಟೆ ಬಿಲ್ಲೆ ಇರುತ್ತದೆ, ಅದೇ ಫ್ಲ್ಯಾಂಜ್. ಎರಡನ್ನೂ ಸೇರಿಸುವುದು ಈ ಬೋಲ್ಟು. ತುಂಬಾ ಜನ ಬೋಲ್ಟ್ ಅಂದರೆ ಗೂಟ ಅಂದುಕೊಂಡಿದ್ದಾರೆ. ಒಂದು ಫ್ಲ್ಯಾಂಜ್ ತಿರುಗುತ್ತೆ, ಬೋಲ್ಟಿನ ಮೈ ಇನ್ನೊಂದು ಫ್ಲ್ಯಾಂಜನ್ನು ತಳ್ಳುತ್ತೆ, ಗಾಡಿ ಮುಂದೆ ಹೋಗುತ್ತೆ ಅಂತ. ಹಾಗಲ್ಲ. ಎರಡು ಫ್ಲ್ಯಾಂಜುಗಳ ಮುಖವನ್ನು ಒಂದಕ್ಕೊಂದು ಒತ್ತಿ ಹಿಡಿಯುವುದು ಬೋಲ್ಟಿನ ಕೆಲಸ. ಇಂಜಿನ್ನಿನ ಎಳೆತ ದಾಟುವುದು ಆ ಮುಖಗಳ ಹಿಡಿತದಲ್ಲಿ.

ಪಿಕಪ್ಪಿನ ಮೇಲೆ ಕಾಫಿ ಮೂಟೆ ಕಟ್ಟಿದವರಿಗೆ ಇದು ಗೊತ್ತೇ ಇದೆ. ಹಗ್ಗ ಬಿಗಿಯಾಗಿದ್ದರೆ ಮೂಟೆಗಳು ಒಂದರ ಮೇಲೊಂದು ಕಚ್ಚಿಕೊಂಡು ಕೂರುತ್ತವೆ, ಹಗ್ಗಕ್ಕೂ ಏನೂ ಆಗುವುದಿಲ್ಲ. ಹಗ್ಗ ಸಡಿಲವಾದರೆ ಮೂಟೆ ಜಾರುತ್ತದೆ, ಜಾರಿದ ಮೂಟೆ ಹಗ್ಗವನ್ನೇ ಸವೆಸುತ್ತದೆ. ಚಾರ್ಮಾಡಿ ಘಾಟಿ ಇಳಿಯುವ ಮುಂಚೆ ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ಹಗ್ಗ ಮತ್ತೊಮ್ಮೆ ಜಗ್ಗುವುದು ಜಾಣತನ. ಅರ್ಧ ಹರಿದ ಹಗ್ಗವನ್ನೇ ಜಗ್ಗಿ ಕಟ್ಟಿದರೆ?

ಬೋಲ್ಟೂ ಹಾಗೇ. ಸರಿಯಾಗಿ ಬಿಗಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ, ಸ್ಪ್ರಿಂಗಿನ ಹಾಗೆ. ವಾಪಸ್ ಕುಗ್ಗಲು ನೋಡುವ ಆ ಸೆಳೆತವೇ ಹಿಡಿತ. ಸಡಿಲವಾಗಿ ನಾಲ್ಕು ದಿನ ಓಡಿದ ಬೋಲ್ಟಿಗೆ ಪ್ರತಿ ಸಲ ಕ್ಲಚ್ ಬಿಟ್ಟಾಗಲೂ ಸುತ್ತಿಗೆ ಏಟು ಬಿದ್ದಿರುತ್ತದೆ. ಮೈ ಸವೆದಿರುತ್ತದೆ, ಥ್ರೆಡ್ ಕೆಟ್ಟಿರುತ್ತದೆ, ಕಣ್ಣಿಗೆ ಕಾಣದ ಬಿರುಕೂ ಬಿಟ್ಟಿರಬಹುದು. ಫ್ಲ್ಯಾಂಜಿನ ತೂತು ಮೊಟ್ಟೆ ಆಕಾರಕ್ಕೆ ತಿರುಗಿದ್ದರೆ ಹೊಸ ಬೋಲ್ಟೂ ಅಲ್ಲಿ ಜಾಸ್ತಿ ದಿನ ನಿಲ್ಲುವುದಿಲ್ಲ. ಫ್ಲ್ಯಾಂಜನ್ನೇ ಬದಲಿಸಬೇಕು.

“ಡಬಲ್ ಸ್ಪ್ರಿಂಗ್ ವಾಷರ್ ಹಾಕಿ ಹಾಗಾದ್ರೆ” ಅನ್ನುವವರೂ ಇದ್ದಾರೆ. 1969ರಲ್ಲಿ ಗೆರ್ಹಾರ್ಡ್ ಯುಂಕರ್ ಎಂಬ ಇಂಜಿನಿಯರ್ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಬಿಗಿದ ಎರಡು ಭಾಗ ಅಡ್ಡಡ್ಡ ಜಾರಲು ಶುರುವಾದರೆ ನಟ್ ತಾನಾಗೇ ತಿರುಗಿ ಬಿಚ್ಚಿಕೊಳ್ಳುತ್ತದೆ. ಸ್ಪ್ರಿಂಗ್ ವಾಷರ್ ಅದನ್ನು ತಡೆಯುವುದಿಲ್ಲ. ಜಾರದ ಹಾಗೆ ಒತ್ತಿ ಹಿಡಿಯುವುದೇ ಮುಖ್ಯ. ಸ್ಪ್ಯಾನರಿಗೆ ಪೈಪ್ ಹಾಕಿ ಹುಡುಗ ಮೇಲೆ ಹತ್ತಿ ನಿಂತರೂ ಆ ಒತ್ತಡ ಬಂತು ಅಂತ ಹೇಳಲಾಗುವುದಿಲ್ಲ. ನಾವು ಹಾಕುವ ಬಲದಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಮಾತ್ರ ಬೋಲ್ಟನ್ನು ಹಿಗ್ಗಿಸುತ್ತದೆ. ಮಿಕ್ಕಿದ್ದೆಲ್ಲ ಉಜ್ಜಾಟಕ್ಕೆ ಹೋಗುತ್ತದೆ. ತುಕ್ಕು ಹಿಡಿದ ಥ್ರೆಡ್ಡಿನಲ್ಲಿ ಇನ್ನೂ ಕಮ್ಮಿ. ಅದಕ್ಕೇ ಹೊಸ ಬೋಲ್ಟು, ಒಳಗೆ ನೈಲಾನ್ ಬಳೆ ಇರುವ ಹೊಸ ನೈಲಾಕ್ ನಟ್ಟು, ತಿರುಗಿಸುವ ಬಲ ಅಳೆಯುವ ಟಾರ್ಕ್ ರೆಂಚು. ಎಷ್ಟಕ್ಕೆ ಬಿಗಿಯಬೇಕು ಅಂತ ಇಲ್ಲಿ ಬರೆಯುವುದಿಲ್ಲ. ಗಾಡಿಯಿಂದ ಗಾಡಿಗೆ ಬದಲಾಗುತ್ತದೆ, ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ನೋಡಿಸಿ.

ಆಲ್ದೂರು ಕಡೆಯ ಎಸ್ಟೇಟಿನ ಲೆಕ್ಕ ನೋಡುವ ರೈಟರ್ ಒಬ್ಬರು ಒಂದು ಸಲ ಶಾಫ್ಟನ್ನು ತೆಂಗಿನ ಹಗ್ಗದಲ್ಲಿ ಚಾಸಿಗೆ ಕಟ್ಟಿಸಿ, ಜೀಪನ್ನು ಟ್ರ್ಯಾಕ್ಟರಿನ ಹಿಂದೆ ಎಳೆಸಿಕೊಂಡು ಬಂದರು. ಅದಕ್ಕೆ ಮುಂಚೆ ಎರಡು ಕಡೆ ‘ಸ್ವಲ್ಪ ಟೈಟ್’ ಮಾಡಿಸಿದ್ದರಂತೆ. ನಾಲ್ಕು ಬೋಲ್ಟಿನಲ್ಲಿ ಉಳಿದಿದ್ದು ಎರಡು. ಒಂದರ ತಲೆ ಮೇಲೆ 10.9 ಅಂತ ಇತ್ತು. ಇನ್ನೊಂದರ ತಲೆ ಬೋಳು, ಗೇಟಿಗೆ ಹಾಕುವ ಬೋಲ್ಟು. ಆ ನಂಬರ್ ಸುಮ್ನೆ ಅಲ್ಲ, ಉಕ್ಕಿನ ಗಟ್ಟಿತನ ಹೇಳುತ್ತದೆ. 10.9 ಇದ್ದ ಜಾಗಕ್ಕೆ 10.9 ಬೋಲ್ಟೇ ಬೇಕು.

ಕಂಪನಿ ಬೋಲ್ಟಾದರೂ ಯಾಕೆ ಸಡಿಲವಾಯಿತು? ಕೆಳಗೆ ಮಲಗಿ ನೋಡಿದರೆ ಎಲ್ಲ ಕಪ್ಪು ಬಣ್ಣ. ತುಕ್ಕು ಹಿಡಿಯದಿರಲಿ ಅಂತ ಮಾಲೀಕರು ಪ್ರತಿ ಮಳೆಗಾಲಕ್ಕೆ ಮುಂಚೆ ಅಡಿಗೆಲ್ಲ ಪೇಂಟ್ ಹೊಡೆಸುತ್ತಿದ್ದರು. ಪ್ರೀತಿಯಿಂದಲೇ. ಹಿಂದೆ ಒಮ್ಮೆ ಶಾಫ್ಟ್ ಬಿಚ್ಚಿದಾಗ ಫ್ಲ್ಯಾಂಜಿನ ಮುಖಕ್ಕೂ ಬಳಿದಿದ್ದರು. ಮುಖಗಳ ನಡುವೆ ಸಿಕ್ಕಿದ ಬಣ್ಣ ದಿನ ಕಳೆದ ಹಾಗೆ ಅಪ್ಪಚ್ಚಿಯಾಗುತ್ತದೆ, ಅಷ್ಟಕ್ಕೇ ಬೋಲ್ಟಿನ ಸೆಳೆತ ಹೋಗುತ್ತದೆ. ಶಾಫ್ಟ್ ಒಳಗೆ ಜಾರುವ ಕೊಳವೆಗೆ, ಅಂದರೆ ಸ್ಲೀವಿಗೆ, ಗ್ರೀಸ್ ತುಂಬುವ ನಿಪ್ಪಲ್ಲಿನ ಬಾಯಿಯೂ ಪೇಂಟಿನಲ್ಲಿ ಮುಚ್ಚಿಹೋಗಿತ್ತು. ಎಷ್ಟು ವರ್ಷದಿಂದ ಗ್ರೀಸ್ ಕಂಡಿಲ್ಲವೋ!

ನನಗೆ ಜಾಸ್ತಿ ಬೇಜಾರಾಗುವುದು ಈ ಸ್ಲೀವಿನ ವಿಷಯದಲ್ಲಿ. ಗಾಡಿ ಹಳ್ಳ ದಿಣ್ಣೆ ಹತ್ತಿ ಇಳಿದಾಗ ಹಿಂದಿನ ಆಕ್ಸಲ್ ಮೇಲೆ ಕೆಳಗೆ ಆಡುತ್ತದೆ. ಗೇರ್‌ಬಾಕ್ಸಿಗೂ ಆಕ್ಸಲ್ಲಿಗೂ ನಡುವಿನ ದೂರ ಬದಲಾಗುತ್ತಾ ಇರುತ್ತದೆ. ಅದಕ್ಕೇ ಶಾಫ್ಟಿನ ಮೈಮೇಲೆ ಉದ್ದಕ್ಕೆ ಕೊರೆದ ಹಲ್ಲುಗಳು, ಅಂದರೆ ಸ್ಪ್ಲೈನ್, ಸ್ಲೀವಿನೊಳಗೆ ಹಿಂದೆ ಮುಂದೆ ಜಾರಬೇಕು. ಗ್ರೀಸ್ ಇಲ್ಲದಿದ್ದರೆ ಉಕ್ಕಿನ ಮೇಲೆ ಉಕ್ಕು ಉಜ್ಜುತ್ತದೆ. ಸ್ಲೀವಿನ ಬಾಯಲ್ಲಿ ಇಟ್ಟಿಗೆ ಪುಡಿಯಂಥ ಕೆಂಪು ಪುಡಿ ಕಂಡರೆ ಹಲ್ಲು ಸವೆಯುತ್ತಿದೆ ಅಂತಲೇ ಲೆಕ್ಕ. ಇಷ್ಟೇ ಆದರೆ ಪರವಾಗಿಲ್ಲ. ಒಣಗಿದ ಸ್ಪ್ಲೈನ್ ಲೋಡ್ ಬಿದ್ದಾಗ ಕಚ್ಚಿಕೊಳ್ಳುತ್ತದೆ, ಜಾರುವುದಿಲ್ಲ. ಆಗ ಆಕ್ಸಲ್ಲಿನ ಅಷ್ಟೂ ಜಗ್ಗಾಟ ಫ್ಲ್ಯಾಂಜಿನ ಮೇಲೆ, ಬೋಲ್ಟಿನ ಮೇಲೆ, ಗೇರ್‌ಬಾಕ್ಸಿನ ಬೇರಿಂಗ್ ಮೇಲೆ. ನೀವು ಟೈಟ್ ಮಾಡಿ ಅನ್ನುವ ಬೋಲ್ಟಿನ ಕಾಯಿಲೆ ಎಷ್ಟೋ ಸಲ ಶುರುವಾಗುವುದು ಈ ಗ್ರೀಸ್ ಕಾಣದ ಸ್ಲೀವಿನಲ್ಲಿ. ಎಲ್ಲ ಸಲವೂ ಅಂತ ಹೇಳಲಾರೆ. ಕ್ರಾಸ್ (ಶಾಫ್ಟಿನ ತುದಿ ಮಣಿಯಲು ಬಿಡುವ ಕೀಲು) ಹೋಗಿದ್ದರೂ, ಇಂಜಿನ್ ಕೂರುವ ಮೌಂಟಿಂಗ್ ಕುಸಿದಿದ್ದರೂ ಬೋಲ್ಟ್ ಬಿಚ್ಚಿಕೊಳ್ಳಬಹುದು. ಗಾಡಿ ನೋಡದೆ ಫೋನಿನಲ್ಲಿ ಕೇಳಿದರೆ ನಾನು ಏನೂ ಹೇಳುವುದಿಲ್ಲ.

ಹಲ್ಲು ಸವೆದ ಮೇಲೆ ಗ್ರೀಸ್ ಹೊಡೆದರೆ ಶಬ್ದ ಒಂದು ವಾರ ಅಡಗುತ್ತದೆ, ಅಷ್ಟೇ. ಸ್ಲೀವ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಚೆನ್ನಾಗಿ ಆಟ ಕಂಡರೆ ಬದಲಿಸುವುದೇ ದಾರಿ. ಎಸ್ಟೇಟ್ ಗಾಡಿಗಳಿಗೆ ತಿಂಗಳಿಗೊಮ್ಮೆ ಗ್ರೀಸ್ ಅಂತ ನನ್ನ ಲೆಕ್ಕ. ಹಳ್ಳ ದಾಟಿದ ಮೇಲೆ, ಜೋರಾಗಿ ನೀರು ಬಿಟ್ಟು ತೊಳೆಸಿದ ಮೇಲೆ ಇನ್ನೊಮ್ಮೆ. ಬಿಚ್ಚುವ ಮುಂಚೆ ಶಾಫ್ಟಿಗೂ ಸ್ಲೀವಿಗೂ ಗುರುತು ಹಾಕಿಸಿ. ಜೋಡಿಸುವಾಗ ಒಂದು ಹಲ್ಲು ಆಚೀಚೆ ಆದರೂ ಎರಡು ತುದಿಯ ಕ್ರಾಸ್ ತಾಳ ತಪ್ಪಿ ಗಾಡಿ ನಡುಗುತ್ತದೆ.

ಇನ್ನೊಂದು ಮಾತು, ಇದು ಜೀವದ ವಿಷಯ. ಶಾಫ್ಟ್ ಬಿಚ್ಚಿದರೆ ಗೇರಿನಲ್ಲಿ ನಿಲ್ಲಿಸಿದ್ದಕ್ಕೆ ಅರ್ಥವೇ ಇಲ್ಲ. ಇಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ಕೈಮರದ ಮೇಲಿನ ಏರಿನಲ್ಲಿ ಒಬ್ಬ ಹುಡುಗ ಚಕ್ರಕ್ಕೆ ಕಲ್ಲು ಕೊಡದೆ ಶಾಫ್ಟ್ ಬಿಚ್ಚಲು ಮಲಗಿದ್ದ. ಕೊನೇ ಬೋಲ್ಟಿಗೆ ಸ್ಪ್ಯಾನರ್ ಹಾಕುವ ಹೊತ್ತಿಗೆ ಸರಿಯಾಗಿ ನಾನು ಹೋದೆ. ಅವನಿಗೆ ಬೈದಷ್ಟು ನಾನು ಯಾರಿಗೂ ಬೈದಿಲ್ಲ.

ಮುಂದಿನ ಚಕ್ರ ಎಳೆಯುವ ಕಾರಿನವರು ಇದು ತಮಗಲ್ಲ ಅಂದುಕೊಳ್ಳಬೇಡಿ. ನಿಮ್ಮ ಆಕ್ಸಲ್ಲಿನ ತುದಿಯಲ್ಲೂ ಸ್ಪ್ಲೈನ್ ಇದೆ, ಚಕ್ರದ ನಡುವಿನ ಹಬ್ಬಿನೊಳಗೆ ಕೂತಿರುತ್ತದೆ. ತಿರುವಿನಲ್ಲಿ ಟಕ ಟಕ ಬಂದರೆ ಸಾಮಾನ್ಯವಾಗಿ ಆಕ್ಸಲ್ಲಿನ ಜಾಯಿಂಟ್ ಹೋಗಿರುತ್ತದೆ. ರಿವರ್ಸಿನಿಂದ ಫಸ್ಟಿಗೆ ಹಾಕಿ ಹೊರಟಾಗ ಒಂದೇ ಸಲ ಟಕ್ ಅಂದರೆ ಹಬ್ ನಟ್ಟನ್ನೂ ನೋಡಿಸಿ. ತಟ್ಟಿ ಲಾಕ್ ಮಾಡುವ ನಟ್ಟಾದರೆ ಬಿಚ್ಚಿದ ಮೇಲೆ ಹೊಸದೇ ಹಾಕಬೇಕು.

ಆ ರೈಟರಿಗೆ ಹೊಸ ಶಾಫ್ಟ್, ಹೊಸ ಬೋಲ್ಟ್ ಹಾಕಿ, ಪ್ರತಿ ನಟ್ಟಿನಿಂದ ಫ್ಲ್ಯಾಂಜಿನ ತನಕ ಹಳದಿ ಪೇಂಟಿನಲ್ಲಿ ಒಂದು ಗೆರೆ ಎಳೆದು ಕೊಟ್ಟೆ. ಗೆರೆ ಮುರಿದರೆ ನಟ್ ತಿರುಗಿದೆ ಅಂತ. 300 ಕಿಲೋಮೀಟರ್ ಓಡಿಸಿ ವಾಪಸ್ ಬನ್ನಿ, ಒಂದು ಸಲ ಚೆಕ್ ಮಾಡುತ್ತೇನೆ ಅಂದೆ. ಬಂದರು. ಈಗ ಭಾನುವಾರ ಭಾನುವಾರ ಗೆರೆಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಹೋದ ವಾರದ ಫೋಟೋದಲ್ಲಿ ಗೆರೆ ನೆಟ್ಟಗಿತ್ತು. ಪಕ್ಕದ ಗ್ರೀಸ್ ನಿಪ್ಪಲ್ ಮೇಲೆ ಒಣಗಿದ ಕೆಸರು, ಅದರ ಮೇಲೊಂದು ಜೇಡರ ಬಲೆ. ತಕ್ಷಣ ಫೋನ್ ಮಾಡಿದೆ.

“ಬೋಲ್ಟ್ ಟೈಟಾಗೇ ಇದೆಯಲ್ಲ ಅಣ್ಣಾ” ಅಂದರು.